ಮಳೆಯೇ ಬಂದಿಲ್ಲ, ಟೆಂಟ್ ಒಳಗೆ ನೀರು: ಟಾರ್ಪಾ, ಡಬಲ್ ವಾಲಾ?

ಒದ್ದೆಚೀಲ:
ಟ್ರೆಕ್ಕಿಂಗ್ ಪೋಲ್ (ನಡೆಯುವಾಗ ಊರೋ ಕೋಲು) ಮೇಲೆ ನಿಲ್ಲೋ ಸಿಂಗಲ್ ವಾಲ್ (ಒಂದೇ ಪದರದ) ಟೆಂಟ್, ತೆಳು 20 ಡೀನಿಯರ್ ಸಿಲ್‌ನೈಲಾನ್ (ಸಿಲಿಕೋನ್ ಲೇಪಿಸಿದ ನೈಲಾನ್), ಗೂಟ ಸೇರಿ 980 ಗ್ರಾಂ. ಡಿಸೆಂಬರ್, ಚಿಕ್ಕಮಗಳೂರು ಕಡೆ ಎಸ್ಟೇಟ್ ಒಳಗಿನ ಹೊಳೆ ದಂಡೆ, ಇಬ್ಬರು. ಬೆಳಗ್ಗೆ ಸ್ಲೀಪಿಂಗ್ ಬ್ಯಾಗ್‌ನ ಕಾಲ್ಕಡೆ ತೊಪ್ಪೆ, ಬಟ್ಟೆ ಜೋತು ಮುಖಕ್ಕೆ ತಾಗ್ತಿತ್ತು. ಸೀಮ್ (ಹೊಲಿಗೆ) ಲೀಕಾ? ಮಾರಿ ಟಾರ್ಪ್ (ತಳ ಇಲ್ಲದ ಬರೀ ಮೇಲ್ಹೊದಿಕೆ) ತಗೊಳ್ಳೋದಾ, ಡಬಲ್ ವಾಲಾ (ಒಳಪರದೆ, ಹೊರಹೊದಿಕೆ ಎರಡೂ ಇರೋದು)? ಮುಂದಿನ ಟ್ರಿಪ್ ರಾಮನಗರ ಕಡೆ, ಬರೀ ಬಂಡೆ.

ಗೂಟಗಂಟು:
ಮಳೆ ಇಲ್ಲದ ರಾತ್ರಿ ಸೀಮ್ ಹೇಗೆ ಲೀಕ್ ಆಗುತ್ತೆ? ಅದು ನಿಮ್ಮಿಬ್ಬರ ಉಸಿರು, ಜೊತೆಗೆ ಹೊಳೆಯ ತೇವ. ಇಡ್ಲಿ ಪಾತ್ರೆ ಮುಚ್ಚಳದ ಒಳಗೆ ಹನಿ ಕಟ್ಟೋ ಹಾಗೆ. ಮೋಡ ಇಲ್ಲದ ರಾತ್ರಿ ತೆಳು ಬಟ್ಟೆ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತೆ. ಹೊಳೆ ದಂಡೆಗೆ ತಣ್ಣನೆ ಗಾಳಿ ಇಳಿದು ನಿಲ್ಲೋದರಿಂದ ಅಲ್ಲಿ ಇನ್ನೂ ಜಾಸ್ತಿ.

ಗುರುತು ಸುಲಭ. ಹನಿ ಇಡೀ ಬಟ್ಟೆಗೆ ಒಂದೇ ಸಮ ಹರಡಿದ್ರೆ ಉಸಿರಿನ ತೇವ. ಹೊಲಿಗೆ ಗುಂಟ ಸಾಲಾಗಿ ಇಳಿದಿದ್ರೆ ಲೀಕ್. ಅನುಮಾನ ಇದ್ರೆ ಮಹಡಿ ಮೇಲೆ ಹಾಕಿ, ಹೊಲಿಗೆ ಒಳಗೆ ಟಿಶ್ಯೂ ಅಂಟಿಸಿ, ಹೊರಗಿಂದ ಹತ್ತು ನಿಮಿಷ ಪೈಪ್ ಬಿಡಿ. ಹಾಂ, ಜೋರು ಮಳೆ ಬಡಿದಾಗ ಒಳಗಿನ ಹನಿಗಳೇ ತುಂತುರಾಗಿ ಉದುರುತ್ತವೆ. ಅದನ್ನೂ ಲೀಕ್ ಅಂದ್ಕೊಂಡು ಟೆಂಟ್ ಮಾರೋರು ಇದ್ದಾರೆ.

ದಂಡೆ ಬಿಟ್ಟು 20–30 ಮೀಟರ್ ಮೇಲೆ ಹಾಕಿ, ಸಾಧ್ಯವಾದರೆ ಮರದ ಕೆಳಗೆ (ಒಣಕೊಂಬೆ ಇಲ್ಲದ್ದು). ಎಲೆ ಚಪ್ಪರ ಇದ್ರೆ ಬಟ್ಟೆ ಅಷ್ಟು ತಣ್ಣಗಾಗಲ್ಲ. ಅಂಚನ್ನ ನೆಲದಿಂದ ಒಂದು ಗೇಣು ಎತ್ತಿ ಕಟ್ಟಿ, ಗಾಳಿ ಮರೆಯ ಬಾಗಿಲು ತೆರೆದಿಡಿ, ಒಳಗೆ ನೀರು ಕಾಯಿಸಬೇಡಿ. ಒಂದು ಮೈಕ್ರೋಫೈಬರ್ ಬಟ್ಟೆ ಕೈಗೆ ಸಿಗೋ ಹಾಗಿರಲಿ, ಬೆಳಗ್ಗೆ ಎದ್ದ ತಕ್ಷಣ ಒರೆಸೋಕೆ.

ಜೋತು ಬೀಳೋದು ನೈಲಾನ್ ಗುಣ, ನೀರು ಹೀರಿ ಹಿಗ್ಗುತ್ತೆ. ಕತ್ತಲಾಗಿ ಒಂದು ಗಂಟೆ ಬಿಟ್ಟು ಮತ್ತೆ ಬಿಗಿ ಮಾಡಿ. ಹೊರಗೆ ಹೋಗೋಕೆ ಬೇಜಾರಾದ್ರೆ ಒಳಗಿಂದಲೇ ಪೋಲ್ 2–3 ಸೆಂಟಿಮೀಟರ್ ಉದ್ದ ಮಾಡಿದ್ರೂ ಆಯ್ತು. ಸಿಲ್‌ಪಾಲಿಯಲ್ಲಿ (ಸಿಲಿಕೋನ್ ಲೇಪಿಸಿದ ಪಾಲಿಯೆಸ್ಟರ್) ಈ ಕಾಟ ತುಂಬಾ ಕಡಿಮೆ.

ಚಪ್ಪರ:
ಟಾರ್ಪ್‌ಗೆ ಹೋಗೋ ಮುಂಚೆ ತೂಕ ಕೂಡಿಸಿ ನೋಡಿ. 3×3 ಮೀಟರ್ ಸಿಲ್‌ನೈಲಾನ್ ಟಾರ್ಪ್ ಸುಮಾರು 450–500 ಗ್ರಾಂ, ಎಂಟು ಗೂಟ 100, ಹಗ್ಗ 50, ನೆಲಹಾಸು 150. ಇಷ್ಟಕ್ಕೆ ನಿಲ್ಲಿಸಿದ್ರೆ ಉಳಿತಾಯ ಇದೆ. ಆದ್ರೆ ಮಲೆನಾಡಲ್ಲಿ ನಿಲ್ಲಿಸೋಕಾಗಲ್ಲ: ಮಳೆಗಾಲದಲ್ಲಿ ಉಂಬಳ, ಬೇಸಿಗೆಗೆ ಉಣುಗು. ಉಂಬಳ ಬರೀ ರಕ್ತ ಕುಡಿಯುತ್ತೆ, ಉಣುಗಿನಿಂದ ಮಂಗನ ಕಾಯಿಲೆ ಬರಬಹುದು; ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಮೂರೂ ಕಡೆ. ಅಂದ್ರೆ ತಳ ಹೊಲಿದ ಸೊಳ್ಳೆಪರದೆ ಬೇಕೇ ಬೇಕು. ಇಬ್ಬರಿಗೆ ಅದು 400 ಗ್ರಾಂ ಹತ್ತಿರ. ನೆಲಹಾಸು ಬಿಟ್ಟರೂ ಮತ್ತೆ ಒಂದು ಕೆಜಿಗೆ ಬಂದ್ರಿ. ಗಾಳಿಯಾಟ ಚೆನ್ನಾಗಿರುತ್ತೆ ನಿಜ, ತೂಕದ ಆಸೆಗೆ ಮಾತ್ರ ಬೇಡ.

ಒದ್ದೆಚೀಲ:
ಸರಿ, ಡಬಲ್ ವಾಲ್? ಬಂಡೆ ಮೇಲೆ ಗೂಟ ಇಳಿಯಲ್ವಲ್ಲ.

ಗೂಟಗಂಟು:
ಗೂಟ ಇಲ್ಲದೆ ತನ್ನದೇ ಪೋಲ್ ಮೇಲೆ ನಿಲ್ಲೋ ಇಬ್ಬರ ಡಬಲ್ ವಾಲ್ ಅಂದ್ರೆ 1.5ರಿಂದ 1.8 ಕೆಜಿ. ಅದರಲ್ಲೂ ಹನಿ ಕಟ್ಟುತ್ತೆ, ಒಳಪರದೆ ಇರೋದರಿಂದ ನಿಮಗೆ ತಾಗಲ್ಲ ಅಷ್ಟೇ. ವರ್ಷದಲ್ಲಿ ಅರ್ಧಕ್ಕರ್ಧ ಟ್ರಿಪ್ ಬಂಡೆ ಮೇಲೇ ಆದ್ರೆ ತಗೊಳ್ಳಿ. ಇಲ್ಲಾಂದ್ರೆ ಇರೋದರಲ್ಲೇ ನಡೆಯುತ್ತೆ. ಮೂಲೆಗೊಂದು ಮೀಟರ್ 3 ಮಿಮೀ ಹಗ್ಗ ಜಾಸ್ತಿ ಇಟ್ಕೊಳ್ಳಿ. ತುದಿಗೆ ಅಂಗೈ ಗಾತ್ರದ ಕಲ್ಲು ಕಟ್ಟಿ. ಅದರ ಮುಂದೆ, ಅಂದ್ರೆ ಟೆಂಟ್ ಕಡೆಗೆ, ಎರಡು ಕೈ ಹಾಕಿ ಎತ್ತಬೇಕಾದ ಕಲ್ಲನ್ನ ಹಗ್ಗದ ಮೇಲೆ ಇಡಿ. ಎಳೆದಾಗ ಸಣ್ಣದು ದೊಡ್ಡದರ ಬೆನ್ನಿಗೆ ಸಿಕ್ಕಿ ನಿಲ್ಲುತ್ತೆ. ಹಗ್ಗವನ್ನೇ ದೊಡ್ಡ ಕಲ್ಲಿಗೆ ಸುತ್ತಬೇಡಿ, ಗ್ರಾನೈಟ್ ಅಂಚು ಗಾಳಿಗೆ ಉಜ್ಜಿ ಉಜ್ಜಿ ಬೆಳಗಾಗೋದರೊಳಗೆ ಅದನ್ನ ಹರಿಯುತ್ತೆ.

ರಾಮದೇವರ ಬೆಟ್ಟ 2012ರಿಂದ ರಣಹದ್ದುಧಾಮ, ಅದನ್ನ ಬಿಡಿ. ಮಾಲೀಕರು ಒಪ್ಪಿದ ಜಾಗ ನೋಡ್ಕೊಳ್ಳಿ. ಏಪ್ರಿಲ್–ಮೇನಲ್ಲಿ ಸಂಜೆ ಗುಡುಗೋ ಲಕ್ಷಣ ಇದ್ರೆ ಬೋಳು ನೆತ್ತಿ ಮೇಲೆ ಅಲ್ಯೂಮಿನಿಯಂ ಪೋಲ್ ನಿಲ್ಲಿಸೋ ಯೋಚನೆಯೇ ಬೇಡ.

ಚಪ್ಪರ:
ಪೈಪ್ ಪರೀಕ್ಷೆಯಲ್ಲಿ ಟಿಶ್ಯೂ ನೆನೆದ್ರೆ: ಸಿಲ್‌ನೈಲಾನ್‌ಗೆ ಪಿಯು (ಪಾಲಿಯುರೆಥೇನ್) ಟೇಪ್, ಪಿಯು ಸೀಲರ್ ಎರಡೂ ಹಿಡಿಯಲ್ಲ, ಸಿಪ್ಪೆ ಥರ ಎದ್ದು ಬರುತ್ತೆ. ಪಾರದರ್ಶಕ 100% ಸಿಲಿಕೋನ್ ಸೀಲೆಂಟ್ (ಅಕ್ರಿಲಿಕ್ ಅಲ್ಲ) ಒಂದು ಪಾಲು, ಮಿನರಲ್ ಟರ್ಪೆಂಟೈನ್ ಎರಡು ಪಾಲು. ಎರಡೂ ಬಡಾವಣೆಯ ಪೇಂಟ್ ಅಂಗಡಿಯಲ್ಲೇ ಸಿಗುತ್ತೆ. ನೀರ್ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಅರ್ಧ ಇಂಚು ಬ್ರಶ್ಶಲ್ಲಿ ಹೊಲಿಗೆಯ ಎರಡೂ ಬದಿ ಒಂದೊಂದು ಸೆಂಟಿಮೀಟರ್, ಹೊರಗಡೆಯಿಂದ ಬಳಿಯಿರಿ. 24 ಗಂಟೆ ಬಿಟ್ಟು ಟಾಲ್ಕಮ್ ಪೌಡರ್ ಸವರಿ. ಇಲ್ಲಾಂದ್ರೆ ಮಡಿಸಿಟ್ಟಾಗ ಒಂದಕ್ಕೊಂದು ಅಂಟ್ಕೊಳ್ಳುತ್ತೆ.

ಒದ್ದೆಚೀಲ:
ಪರೀಕ್ಷೆ ಆಯ್ತು. ಸೀಮ್ ಪೂರ್ತಿ ಒಣ, ಜಿಪ್ ಮೇಲಿನ ಮೂಲೆಯಲ್ಲಿ ಮಾತ್ರ ಟಿಶ್ಯೂ ನೆನೆದಿದೆ. ಅಲ್ಲಿಗಷ್ಟೇ ಸಿಲಿಕೋನ್ ಹಾಕ್ತೀನಿ, ಟೆಂಟ್ ಮಾರಲ್ಲ.

ಗೂಟಗಂಟು:
ಜಿಪ್ ಹಲ್ಲಿಗೆ ತಾಗಿಸಬೇಡಿ, ಮಾಸ್ಕಿಂಗ್ ಟೇಪ್ ಹಾಕಿಕೊಂಡು ಬಳಿಯಿರಿ.