ಜಪಾನಿನ 500 ಸರಣಿ ಶಿಂಕಾನ್ಸೆನ್ (ಬುಲೆಟ್ ರೈಲು) ಅತಿವೇಗದ ನೊಝೊಮಿ ಓಟದಿಂದ ಅಷ್ಟು ಬೇಗ ಇಳಿದದ್ದೇಕೆ?

ಹಳಿಗುಂಟ: 1997ರ ಮಾರ್ಚ್ 22ರಂದು ಶಿನ್-ಒಸಾಕಾ–ಹಕಾಟಾ ನಡುವೆ ಗಂಟೆಗೆ 300 ಕಿ.ಮೀ. ಓಟ ಶುರುಮಾಡಿದ ಗಾಡಿ 2010ರ ಫೆಬ್ರವರಿಗೇ ನೊಝೊಮಿ ಬಿಟ್ಟಿತು. ಕಟ್ಟಿದ್ದೂ ಒಂಬತ್ತೇ ಸೆಟ್. ಪದೇ ಪದೇ ಕೆಡುತ್ತಿತ್ತೇ? 15 ಮೀಟರ್ ಉದ್ದದ ಆ ಮೂತಿ ವೇಗಕ್ಕೆಂದೇ ಮಾಡಿದ್ದೇ?

ಬೋಗಿ_16: ವೇಗದ ಚಿಂತೆ 1992ಕ್ಕೇ ತೀರಿತ್ತು, ಪರೀಕ್ಷಾ ಗಾಡಿ ವಿನ್350 ಆಗಸ್ಟ್‌ನಲ್ಲಿ 350.4 ಕಿ.ಮೀ. ಮುಟ್ಟಿತ್ತು. ತಲೆನೋವಾದದ್ದು ಸದ್ದು. ಶಿನ್-ಒಸಾಕಾ–ಹಕಾಟಾ ನಡುವಿನ ಸಾನ್ಯೊ ಮಾರ್ಗದ ಸುಮಾರು ಅರ್ಧದಷ್ಟು ಸುರಂಗ. ಗಾಡಿ ಒಳನುಗ್ಗಿದಾಗ ಮುಂದಿನ ಗಾಳಿ ಒತ್ತಿಕೊಂಡು ಅಲೆಯಾಗಿ ಓಡಿ, ಆಚೆ ಬಾಯಲ್ಲಿ ಧಡಾರನೆ ಸಿಡಿಯುತ್ತದೆ. ಅದರ ಬಲ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಒತ್ತಡ ನಿಧಾನವಾಗಿ ಏರಲೆಂದು ಮಿಂಚುಳ್ಳಿಯ ಕೊಕ್ಕಿನಂಥ ಮೂತಿ, ದುಂಡಗಿನ ಕಿರಿದಾದ ಒಡಲು. ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಪ್ಯಾಂಟೋಗ್ರಾಫ್‌ನ ಗಾಳಿಸದ್ದಿಗೆ ಗೂಬೆಗರಿಯ ಅಂಚು ನೋಡಿ ಅದರ ಕಂಬದ ಮೇಲೆ ಸಣ್ಣ ಹಲ್ಲುಗಳನ್ನಿಟ್ಟರು. ಪಕ್ಷಿಪ್ರಿಯ ಎಂಜಿನಿಯರ್ ಎಯಿಜಿ ನಕಾತ್ಸು ತಂಡದ ಈ ಕೆಲಸ ನನಗೆ ಇಂದಿಗೂ ಅಚ್ಚರಿಯೇ.

ಟೊಕಾಯ್ದೊ_ವಕ್ರ: ಕೆಟ್ಟದ್ದರಿಂದಲ್ಲ, ಹೊಂದದ್ದರಿಂದ ಹೋಯಿತು. ಮೂತಿ ಜಾಗ ನುಂಗಿದ್ದರಿಂದ 1 ಮತ್ತು 16ನೇ ಬೋಗಿಗಳಲ್ಲಿ ಚಾಲಕನ ಕಡೆ ಪ್ರಯಾಣಿಕರ ಬಾಗಿಲೇ ಇಲ್ಲ, ಹತ್ತಿಳಿಯಲು ತಡ. ಒಟ್ಟು ಸೀಟು 1324, ಬೇರೆ ಗಾಡಿಗಳಲ್ಲಿ 1323. ಒಂದೇ ಸೀಟಿನ ವ್ಯತ್ಯಾಸ ಅನ್ನಿಸಬಹುದು, ಆದರೆ ಬೋಗಿವಾರು ಲೆಕ್ಕ ಬೇರೆ. ಓಟ ಏರುಪೇರಾದ ದಿನ ಇನ್ನೊಂದು ಮಾದರಿಯಾದ 700 ಸರಣಿಯ ಬದಲಿಗೆ ಇದನ್ನು ಬಿಟ್ಟರೆ ಕೆಲವರು ಕಾಯ್ದಿರಿಸಿದ ಸೀಟೇ ಗಾಡಿಯಲ್ಲಿರುವುದಿಲ್ಲ. ಜೊತೆಗೆ 16 ಬೋಗಿಗೂ ಮೋಟಾರು, ಒಟ್ಟು 64, ದುಬಾರಿ. ಟೋಕಿಯೊ ಕಡೆಯ ಟೊಕಾಯ್ದೊ ಮಾರ್ಗದಲ್ಲಿ 2,500 ಮೀಟರ್ ತ್ರಿಜ್ಯದ ತಿರುವುಗಳಿರುವುದರಿಂದ ಅಲ್ಲಿ ಆಗ 270ರ ಮಿತಿಯಿತ್ತು, ಆ ಶಕ್ತಿ ಸುಮ್ಮನೆ ಕೂತಿರುತ್ತಿತ್ತು. 2007ರಲ್ಲಿ ಹೊಸ ಮಾದರಿ ಎನ್700 ಬಂತು: ಸಾನ್ಯೊದಲ್ಲಿ 300, ತಿರುವಿನಲ್ಲಿ ಏರ್ ಸ್ಪ್ರಿಂಗ್‌ನಿಂದ 1 ಡಿಗ್ರಿ ವಾಲುವಿಕೆ, ಸೀಟು 1323.

ಹಳಿಗುಂಟ: ಹಾಗಿದ್ದರೆ ನಿಧಾನದ ಕೊದಾಮಾ ಓಟಕ್ಕೆ ಇದೇ ಗಾಡಿ ಹೇಗೆ ಒಗ್ಗಿತು?

ಬೋಗಿ_16: ಅದು ಸಾನ್ಯೊದೊಳಗಿನ ಓಟ, ಪ್ರತಿ ನಿಲ್ದಾಣದಲ್ಲೂ ನಿಲ್ಲುತ್ತದೆ, ಟೊಕಾಯ್ದೊದ ಸೀಟಿನ ಲೆಕ್ಕ ಅಲ್ಲಿಲ್ಲ. 8 ಬೋಗಿಗೆ ಮೊಟಕುಮಾಡಿ 2008ರ ಡಿಸೆಂಬರ್‌ನಿಂದ ಓಡಿಸಿದರು. ಮಿತಿ 285ಕ್ಕೆ ಇಳಿಯಿತು, ರೆಕ್ಕೆಯಾಕಾರದ ಪ್ಯಾಂಟೋಗ್ರಾಫ್ ಹೋಗಿ ಒಂಟಿತೋಳಿನದು ಬಂತು. ಮೂಲ ಮೂತಿಯನ್ನು ಹತ್ತಿರದಿಂದ ನೋಡಬೇಕೆಂದರೆ ಕ್ಯೋಟೊ ರೈಲ್ವೆ ಮ್ಯೂಸಿಯಂನಲ್ಲಿ 521-1 ಬೋಗಿ ನಿಂತಿದೆ.