ಪೊರೆಗಳದ್ದು ‘ವಿಲೀನ’ವೋ ‘ಬೆಸುಗೆ’ಯೋ?

ಬಂಧುಗಳೇ,

ಕುಂಬಳೆ ಸಮೀಪದ ಕನ್ನಡ ಮಾಧ್ಯಮ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮಕ್ಕಳ ಗೋಡೆಪತ್ರಿಕೆಗೆ ಕ್ಲಾಮಿಡೊಮೊನಾಸ್ ಎಂಬ ಏಕಕೋಶ ಪಾಚಿಯ ಬಗ್ಗೆ ಬರೆಯಲು ಕುಳಿತು ಒಂದು ಪದದಲ್ಲಿ ಸಿಕ್ಕಿಬಿದ್ದಿದ್ದೇನೆ. ಆ ಪಾಚಿಯ ‘ಪ್ಲಸ್’, ‘ಮೈನಸ್’ ಎಂಬ ಎರಡು ಬಗೆಯ ಲಿಂಗಾಣುಗಳು (ಸಂತಾನಕ್ಕಾಗಿ ಜೋಡಿಯಾಗುವ ಕೋಶಗಳು) ಕೂಡುವಾಗ ಎರಡರ ಕೋಶಪೊರೆಗಳೂ ಸೇರಿ ಒಂದೇ ಪೊರೆಯಾಗುತ್ತದೆ. ‘ಪೊರೆಗಳ ವಿಲೀನ’ ಎಂದು ಬರೆದೆ. ಕರಡು ಓದಿದ ಹಿರಿಯ ಸಹೋದ್ಯೋಗಿಯೊಬ್ಬರು, “ಪಾಚಿಗೂ ಮಹಾಜನ ವರದಿಯೇ?” ಎಂದು ನಕ್ಕರು. ತಪ್ಪು ಅವರದಲ್ಲ. 1956ರಲ್ಲಿ ಊರು ಕೇರಳಕ್ಕೆ ಸೇರಿದಂದಿನಿಂದ ಕಾಸರಗೋಡಿನ ಕನ್ನಡಿಗರಿಗೆ ವಿಲೀನ ಎಂದರೆ ಕರ್ನಾಟಕಕ್ಕೆ ಸೇರುವ ಬೇಡಿಕೆ: ಸಭೆ, ಮನವಿ, ಗಡಿಯಾಗಬೇಕಿದ್ದ ಚಂದ್ರಗಿರಿ ಹೊಳೆ.

ತಮಾಷೆ ಬಿಟ್ಟರೂ ಆ ಪದ ಒಗ್ಗುತ್ತಿಲ್ಲ. ವಿಲೀನವಾದದ್ದು ತನ್ನ ಹೆಸರು ಕಳೆದುಕೊಳ್ಳುತ್ತದೆ: ಸಣ್ಣ ಬ್ಯಾಂಕು ದೊಡ್ಡದರಲ್ಲಿ, ಉಪ್ಪು ನೀರಿನಲ್ಲಿ. ಇಲ್ಲಿ ಯಾವುದೂ ಯಾವುದರಲ್ಲೂ ಮುಳುಗುವುದಿಲ್ಲ. ಗಂಜಿಯ ತಿಳಿಯ ಮೇಲೆ ತೇಲುವ ಎರಡು ತೆಂಗಿನೆಣ್ಣೆ ಹನಿಗಳನ್ನು ನೋಡಿ. ಒಂದಕ್ಕೊಂದು ತಾಗಿಯೂ ತುಸು ಹೊತ್ತು ಬೇರೆಯಾಗಿಯೇ ಇರುತ್ತವೆ. ತಟ್ಟನೆ ನಡುವಿನ ಗೆರೆ ಮಾಯವಾಗಿ ಒಂದೇ ಹನಿ. ಪೊರೆಯೂ ಬಹುಪಾಲು ಕೊಬ್ಬಿನದೇ, ಆದರೆ ಅಷ್ಟು ಸಲೀಸಾಗಿ ಸೇರದು. ನಡುವಿನ ನೀರನ್ನು ಸರಿಸಲು ಪ್ರೊಟೀನಿನ ಬಲ ಬೇಕು.

ಮಲಯಾಳದ ‘ಲಯನಂ’ ಪಕ್ಕದಲ್ಲೇ ಇದೆ. ಸೃಷ್ಟಿ, ಸ್ಥಿತಿ, ಲಯ ಎಂದು ಕೇಳಿ ಬೆಳೆದ ಕಿವಿಗೆ ಅದು ಹುಟ್ಟಿಗಿಂತ ಪ್ರಳಯಕ್ಕೇ ಹತ್ತಿರ. ‘ಸಮ್ಮಿಲನ’ವನ್ನು ಭೌತಶಾಸ್ತ್ರದವರು ಪರಮಾಣು ಬೀಜಗಳಿಗೆ ಕೊಟ್ಟಾಗಿದೆ.

ನನಗೆ ಬೇಕಾದ್ದು ಎರಡು ಪದ, ಏಕೆಂದರೆ ಅಲ್ಲಿ ನಡೆಯುವ ಕೆಲಸವೂ ಎರಡು. ‘ಪ್ಲಸ್’ ಲಿಂಗಾಣುವಿನ ಫಸ್-1 ಪ್ರೊಟೀನು ಪೊರೆಗಳನ್ನು ಅಂಟಿಸುತ್ತದೆ. ‘ಮೈನಸ್’ ಲಿಂಗಾಣುವಿನ ಹ್ಯಾಪ್-2 ತನ್ನ ತುದಿಯನ್ನು ಎದುರಿನ ಪೊರೆಗೆ ನಾಟಿ, ಹೇರ್‌ಪಿನ್ನಿನಂತೆ ಮಡಚಿಕೊಂಡು, ಎರಡನ್ನೂ ಒಟ್ಟಿಗೆ ಎಳೆಯುತ್ತದೆ. ಹ್ಯಾಪ್-2 ಇಲ್ಲದಿದ್ದರೆ ಲಿಂಗಾಣುಗಳು ಅಂಟಿಕೊಂಡೇ ಉಳಿಯುತ್ತವೆ, ಒಂದಾಗುವುದಿಲ್ಲ. 2008ರಲ್ಲಿ ಇದು ಪ್ರಯೋಗದಿಂದ ಖಚಿತವಾಯಿತು. (ಡೆಂಗಿ ವೈರಸ್ಸು ನಮ್ಮ ಕೋಶಕ್ಕೆ ನುಗ್ಗಲು ಬಳಸುವ ಪ್ರೊಟೀನಿನ ರಚನೆಯೂ ಇದೇ ಬಗೆಯದೆಂದು 2017ರಲ್ಲಿ ತಿಳಿಯಿತು. ಮಳೆಗಾಲದಲ್ಲಿ ನಮ್ಮ ಮಕ್ಕಳಿಗೆ ಡೆಂಗಿಯ ಪರಿಚಯ ಬೇಕಾಗಿಲ್ಲ.)

ಸದ್ಯಕ್ಕೆ ಮೊದಲನೆಯದಕ್ಕೆ ‘ಅಂಟು’, ಎರಡನೆಯದಕ್ಕೆ ‘ಬೆಸುಗೆ’ ಎಂದು ಇಟ್ಟಿದ್ದೇನೆ. ಅಳುಕು ಒಂದೇ: ಬೆಸುಗೆ ಹಾಕಿದ ತಗಡಿನಲ್ಲಿ ಹಾಕಿದ ಜಾಗ ಕೊನೆಯವರೆಗೂ ಕಾಣುತ್ತದೆ, ಪೊರೆಯಲ್ಲಿ ಅಂಥ ಗುರುತು ಉಳಿಯುವುದಿಲ್ಲ. ‘ಪೊರೆಗೂಡಿಕೆ’ ಎಂದರೆ ಹೇಗೆ? ಹವ್ಯಕ ಕನ್ನಡದಲ್ಲೋ ತುಳುವಿನಲ್ಲೋ ಎರಡು ಹನಿ ಒಂದಾಗುವುದಕ್ಕೇ ಮೀಸಲಾದ ಕ್ರಿಯಾಪದ ಇದ್ದರೆ ತಿಳಿಸಿ. ಗೋಡೆಪತ್ರಿಕೆ ಶುಕ್ರವಾರ ಏರುತ್ತದೆ.