ಅಪ್‌ಡೇಟ್: ಬೀದರ್‌ನಿಂದ ಕಾರಿನಲ್ಲಿ ನೇಪಾಳ, ಸೋನೌಲಿ ಗಡಿ ದಾಟಿದ್ದು ಹೀಗೆ

ದಸರಾ ರಜೆಯಲ್ಲಿ ಬೀದರ್‌ನಿಂದ ನೇಪಾಳಕ್ಕೆ ಸ್ವಂತ ಕಾರು ಒಯ್ಯಲು ಏನೇನು ಬೇಕು ಅಂತ ಕೇಳಿದ್ದೆ. ಹೋಗಿ ಬಂದಾಯ್ತು, ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಔರಾದ್, ದೇಗಲೂರು, ನಾಂದೇಡ, ನಾಗಪುರ ದಾರಿ ಸರಿಯಾಗಿತ್ತು. "ನಾಗಪುರದಿಂದ ಕಾಶಿಗೆ ಒಂದೇ ದಿನ" ಅನ್ನೋ ಸಲಹೆ ಮಾತ್ರ ನಡೆಯಲಿಲ್ಲ. ಅದು ಸುಮಾರು 700 ಕಿ.ಮೀ., ಮಕ್ಕಳಿದ್ದರೆ ದಾರಿ ನಡುವಿನ ರೀವಾದಲ್ಲಿ ಉಳಿಯೋದೇ ವಾಸಿ.

ಉತ್ತರ ಪ್ರದೇಶದ ಸೋನೌಲಿ ಗಡಿಯಲ್ಲಿ ಉಪಯೋಗಕ್ಕೆ ಬಂದದ್ದು ವೋಟರ್ ಐಡಿ ಸಲಹೆ. ದೊಡ್ಡವರಿಗೆ ಆಧಾರ್ ಸಾಲದು. ವೋಟರ್ ಐಡಿ ಇಲ್ಲವೇ ಪಾಸ್‌ಪೋರ್ಟ್ ಬೇಕು. 15ಕ್ಕಿಂತ ಚಿಕ್ಕವರಿಗೆ, 65 ದಾಟಿದವರಿಗೆ ಆಧಾರ್ ನಡೆಯುತ್ತೆ. ಆಮೇಲೆ ಭನ್ಸಾರ್ (ನೇಪಾಳದ ಕಸ್ಟಮ್ಸ್) ಕಚೇರಿಯಲ್ಲಿ ಗಾಡಿಯ ಪರವಾನಗಿ. ಮೂಲ ಆರ್‌ಸಿ, ಡಿಎಲ್ ಕೈಯಲ್ಲಿರಲಿ. ಕಾರು ಅಪ್ಪನ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಪತ್ರವೂ ಇರಲಿ. ಶುಲ್ಕ ದಿನದ ಲೆಕ್ಕ, ಹಾಗಾಗಿ ಸಂಜೆ ದಾಟಿದರೆ ಒಂದು ದಿನದ ದುಡ್ಡು ವ್ಯರ್ಥ. ಬೆಳಿಗ್ಗೆಯೇ ದಾಟಿ. ಆ ಪರವಾನಗಿ ಚೀಟಿಯನ್ನು ನೀವು ವಾಪಸ್ ಬರುವವರೆಗೂ ಜೋಪಾನ ಮಾಡಿ.

ಗೊತ್ತೇ ಇರದಿದ್ದ ಸಂಗತಿ ಇನ್ಶೂರೆನ್ಸ್‌ದು: ನಮ್ಮ ಮಾಮೂಲಿ ಪಾಲಿಸಿ ನೇಪಾಳಕ್ಕೆ ಅನ್ವಯಿಸಲ್ಲ. ಹೆಚ್ಚುವರಿ ಪ್ರೀಮಿಯಂ ಕಟ್ಟಿ, ಪಾಲಿಸಿ ನೇಪಾಳದಲ್ಲೂ ನಡೆಯುವ ಹಾಗೆ ಭೌಗೋಳಿಕ ವಿಸ್ತರಣೆ ಬರೆಸಬೇಕು. ಇದನ್ನು ಊರಲ್ಲೇ ಮುಗಿಸಿಕೊಳ್ಳಿ.

ಅಲ್ಲಿ ಗಡಿಯಾರ 15 ನಿಮಿಷ ಮುಂದೆ, ವಾರದ ರಜೆ ಶನಿವಾರ. ನಮ್ಮ ದಸರಾ ಹೊತ್ತಿಗೇ ಅವರ ದಶೈಂ ಹಬ್ಬ, ಅಂಗಡಿಗಳು ಬಾಗಿಲು ಹಾಕಿರ್ತವೆ.